ದುರ್ಗಾಂಬಿಕಾಳ ಓಟ

ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ದುರ್ಗಾಂಬಿಕಾ ಹನ್ನೊಂದು ವರ್ಷ ಪಿ.ಟಿ. ಟೀಚರ್ ಆಗಿದ್ದಳು. ಗಂಡ ಕೆಂಚೇಶ್ ಲೈನ್‌ಮ್ಯಾನ್. ಎಂಥ ಕಂಬವನ್ನಾದರೂ ಸರಸರನೆ ಹತ್ತುತ್ತಿದ್ದ ಆತನಿಗೆ ಹೆಂಡತಿಯ ಬೆಳಗಿನ ಓಟವೆಂದರೆ ನಗು. ‘ನಾಯಿ ಬೆನ್ನಟ್ಟಿದ್ರೆ ಓಡಬೇಕಪ್ಪ, ಸುಮ್‌ಸುಮ್ನೆ ಯಾರಾದ್ರೂ ಓಡ್ತಾರೇನು?’ ಎಂದು ಛೇಡಿಸುತ್ತಿದ್ದ.

ನಲವತ್ತರ ಹೊತ್ತಿಗೆ ಆಕೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು, ಆಮೇಲೆ ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ ಕಿಮೊ. ಮೊದಲ ಸಲ ಮುಗಿಸಿ ಬಂದಾಗ ನೀರು ಕುಡಿದರೂ ವಾಂತಿ; ನಾಲ್ಕು ದಿನ ಮೇಲೇಳಲಿಲ್ಲ. ಐದನೆಯ ಬೆಳಿಗ್ಗೆ ಕೆಂಚೇಶ್ ಹಾಲು ತರುವಷ್ಟರಲ್ಲಿ ಹಾಸಿಗೆ ಖಾಲಿ. ಗಾಬರಿಯಿಂದ ಹುಡುಕಿಕೊಂಡು ಹೋದರೆ, ಆಕೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಶಾಲೆಯ ಮೈದಾನದಲ್ಲಿ ಓಡುತ್ತಿದ್ದಳು. ಹೆಸರಿಗಷ್ಟೇ ಓಟ, ನಡೆಯುವವರೂ ಅವಳನ್ನು ದಾಟಿ ಹೋಗಬಹುದಿತ್ತು.

‘ಹುಚ್ಚು ಗಿಚ್ಚು ಹಿಡಿದೈತೇನು ನಿಂಗೆ? ಬಿದ್ರೆ ಏನ್ ಗತಿ?’

‘ಡಾಕ್ಟ್ರನ್ನ ಕೇಳೀನಿ ರೀ, ಆದಷ್ಟು ಮಾಡು ಅಂದಾರೆ.’ ಮೊಣಕಾಲಿಗೆ ಕೈಯೂರಿ ಸುಧಾರಿಸಿಕೊಂಡಳು. ‘ಆಸ್ಪತ್ರೇಲಿ ಈ ಮೈನ ಚುಚ್ತಾರೆ, ಕೊಯ್ತಾರೆ. ನಂದು ಅನ್ನೋದೇ ಮರ್ತು ಹೋಗ್ತೈತೆ. ಇಲ್ಲಿ ಮಾತ್ರ ನಾನು ಹೇಳಿದಂಗೆ ಕೇಳ್ತೈತೆ.’

ಕೆಂಚೇಶ್ ಮತ್ತೆ ಬೇಡವೆನ್ನಲಿಲ್ಲ. ಪ್ರತಿ ಸಲ ಕಿಮೊ ಆಕೆಯನ್ನು ನೆಲಕ್ಕೆ ಕೆಡವುತ್ತಿತ್ತು. ಆಕೆ ಅರ್ಧ ಸುತ್ತಿನಿಂದ ಶುರುಮಾಡಿ, ಮುಂದಿನ ಕಿಮೊ ಬರುವಷ್ಟರಲ್ಲಿ ನಾಲ್ಕು ಸುತ್ತಿಗೆ ಮುಟ್ಟುತ್ತಿದ್ದಳು. ಆರೂ ಮುಗಿದವು. ಕೂದಲು ಚಿಗುರಿತು. ಮತ್ತೆ ಕೊರಳಿಗೆ ಸೀಟಿ ಹಾಕಿಕೊಂಡು ಶಾಲೆಗೆ ಹೋದಳು.

ಮರುವರ್ಷ ತೊಡೆ ನೋಯತೊಡಗಿತು. ಉಳುಕಿರಬೇಕೆಂದು ಎಣ್ಣೆ ತಿಕ್ಕಿದಳು. ಸ್ಕ್ಯಾನ್ ಮಾಡಿದಾಗ ರೋಗ ಮೂಳೆಗೆ ಇಳಿದಿತ್ತು. ಇನ್ನು ಓಡಿದರೆ ಕಾಲು ಮುರಿಯುತ್ತದೆ ಎಂದರು ಡಾಕ್ಟರು. ಎದೆ ಕೊಯ್ದಾಗ ಅಳದವಳು, ತಲೆ ಬೋಳಾದಾಗ ಅಳದವಳು, ಅಂದು ಬಸ್ಸಿನಲ್ಲಿ ಗಂಡನ ತೋಳಿಗೆ ಮುಖವೊತ್ತಿ, ‘ಓಡಂಗಿಲ್ವಂತೆ ರೀ’ ಎಂದು ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಬೆಳಿಗ್ಗೆ ಕೆಂಚೇಶ್ ಅವಳನ್ನು ಬೈಕಿನಲ್ಲಿ ಮೈದಾನಕ್ಕೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದ. ಚಪ್ಪಲಿ ಬಿಟ್ಟ, ಪ್ಯಾಂಟು ಮಡಚಿದ.

‘ನಿನ್ನ ಪಾಲಿಂದು ನಾನು ಓಡ್ತೀನಿ. ನೀನು ಹೇಳ್ಕೊಡು.’

ಅರ್ಧ ಸುತ್ತಿಗೇ ಆತನ ಬಾಯಿ ಒಣಗಿತು. ‘ಕೈ ಬೀಸ್ರೀ! ಹೆಗಲ ಮೇಲೆ ಮೂಟೆ ಹೊತ್ತೋರಂಗೆ ಯಾಕೆ ಬಗ್ಗೀರಿ?’ ಎಂದು ಕೂಗಿದವಳು ನಕ್ಕೇಬಿಟ್ಟಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ. ಆ ನಗುವಿಗಾಗಿ ಆತ ದಿನಾ ಓಡಿದ.

ಎರಡು ತಿಂಗಳಿಗೆ ಕುರ್ಚಿಯಲ್ಲಿ ಕೂರುವುದೂ ಆಕೆಗೆ ಆಗದಾಯಿತು. ಆತ ಒಬ್ಬನೇ ಓಡಿ ಬಂದು ಹಾಸಿಗೆಯ ಪಕ್ಕ ಕೂತರೆ, ಬೆವೆತ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು.

ಆ ಭಾನುವಾರ ಆಕೆಯ ಉಸಿರು ತೇಲುತ್ತಿತ್ತು. ‘ಇವತ್ತು ಬ್ಯಾಡ’ ಎಂದು ಕೆಂಚೇಶ್ ಕೂತೇ ಇದ್ದ. ಆಕೆ ಬಾಗಿಲ ಕಡೆ ಬೆರಳು ಮಾಡಿದಳು. ‘ಹೋಗ್ ಬರ್ರೀ.’ ಅತ್ತೆ ಸಾವಂತ್ರಮ್ಮನನ್ನು ಮಗಳ ಪಕ್ಕ ಕೂರಿಸಿ ಹೋದ. ಮೂರನೆಯ ಸುತ್ತಿನಲ್ಲಿ ಜೇಬಿನ ಫೋನು ಬಡಿದುಕೊಂಡಿತು.

‘ಬ್ಯಾಗ ಬಾರಪ್ಪಾ...’ ಅತ್ತೆಯ ದನಿ.

ಬೈಕು ಅಲ್ಲೇ ಇರುವುದೂ ಹೊಳೆಯಲಿಲ್ಲ. ಮನೆಯತನಕ ಬರಿಗಾಲಲ್ಲಿ ಓಡಿದ. ಅಷ್ಟು ಜೋರಾಗಿ ಆತ ಎಂದೂ ಓಡಿರಲಿಲ್ಲ. ಒಳಗೆ ಸಾವಂತ್ರಮ್ಮ ಮಗಳ ಕಣ್ಣು ಮುಚ್ಚುತ್ತಿದ್ದಳು.

ಬಿಟ್ಟು ಹೋಗಬಾರದಿತ್ತು ಎಂಬ ಸಂಕಟ ಕೆಂಚೇಶನನ್ನು ತಿಂಗಳುಗಟ್ಟಲೆ ತಿಂದಿತು. ಮೈದಾನದ ದಾರಿ ಬಿಟ್ಟು ಬಳಸಿಕೊಂಡು ಡ್ಯೂಟಿಗೆ ಹೋಗುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಸಾವಂತ್ರಮ್ಮ ತಾನಾಗಿಯೇ ಹೇಳಿದಳು: ‘ನೀನು ಹೋದ ಮ್ಯಾಲೆ ಕಣ್ಣು ಬಿಟ್ಳಪ್ಪ. ಅವ್ರು ಈಗ ಓಡ್ತಿರ್ತಾರೆ ಅಲ್ವೇನವ್ವ, ಅಂದ್ಲು. ಹ್ಞೂಂ ಅಂದೆ. ಅಷ್ಟೇ.’

ಕೆಂಚೇಶ್ ತುತ್ತು ಕೆಳಗಿಟ್ಟ. ಎದ್ದು ಹಿತ್ತಲಿಗೆ ಹೋಗಿ, ನೀರಿನ ತೊಟ್ಟಿಯ ಅಂಚು ಹಿಡಿದು, ಮಗುವಿನಂತೆ ಅತ್ತ.