ಡಬ್ಬಿಯೊಳಗೆ ಸಿಕ್ಕಿಬಿದ್ದ ತಮ್ಮ

ನಮ್ಮ ಮನೆಯಲ್ಲಿದ್ದ ಒಂದೇ ಒಂದು ಫೋಟೋ ಅಜ್ಜನದು. ಅದನ್ನು ತೆಗೆದದ್ದು ಅಜ್ಜ ತೀರಿಕೊಂಡ ಮೇಲೆ. ಸಾಗರದಿಂದ ಫೋಟೋದವನನ್ನು ಕರೆಸಿ, ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ಎದೆಗೆ ಪಂಚೆ ಸುತ್ತಿ ಕಟ್ಟಿ ತೆಗೆಸಿದ್ದರಂತೆ. ಕಣ್ಣು ಅರೆ ತೆರೆದಿತ್ತು. ಜಗಲಿಯ ಗೋಡೆಯ ಮೇಲಿದ್ದ ಆ ಫೋಟೋದ ಮುಂದೆ ನಾನು ಒಬ್ಬಳೇ ಹೋಗುತ್ತಿರಲಿಲ್ಲ. ಹೋಗಲೇಬೇಕಾದರೆ ಉಸಿರು ಬಿಗಿಹಿಡಿದು ಓಡುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಒಂಬತ್ತು. ಹೊಸನಗರ ತಾಲ್ಲೂಕಿನ ಹೊಳೆಬದಿಯ ನಮ್ಮ ಹಳ್ಳಿ ಅಣೆಕಟ್ಟಿನ ನೀರಿನಲ್ಲಿ ಮುಳುಗುವುದಿತ್ತು. ಗೇಣಿಗೆ ಗದ್ದೆ ಮಾಡುತ್ತಿದ್ದ ಅಪ್ಪನಿಗೆ ಮಳೆಗಾಲದೊಳಗೆ ಮನೆ ಬಿಡಬೇಕೆಂದು ನೋಟೀಸು ಬಂದಿತ್ತು.

ಆ ಬೇಸಗೆಯಲ್ಲಿ ಅಮ್ಮನ ತಮ್ಮ, ತೀರ್ಥಹಳ್ಳಿಯಲ್ಲಿ ಮೇಷ್ಟ್ರಾಗಿದ್ದ ನನ್ನ ಸೋದರಮಾವ, ಕಪ್ಪು ಡಬ್ಬಿಯಂಥ ಕ್ಯಾಮೆರಾ ಹಿಡಿದು ಬಂದ. ಬಂದ ದಿನವೇ ಚಾವಡಿಯಲ್ಲಿ ಕೂತು ಅದರ ಬೆನ್ನು ತೆರೆದು ಫಿಲ್ಮಿನ ಸುರುಳಿ ಹಾಕಿದ. ನಾನು ಕಂಬದ ಹಿಂದೆ ನಿಂತು ನೋಡಿದೆ.

"ಯಾರೂ ಸಾಲಾಗಿ ನಿಂತ್ಕೋಬೇಡಿ. ನಿಮ್ಮ ನಿಮ್ಮ ಕೆಲ್ಸ ಮಾಡ್ತಿರಿ, ನಾ ಇಲ್ಲಿಲ್ಲ ಅಂತ ತಿಳ್ಕೊಳ್ಳಿ" ಎಂದ. "ಈ ಮನೇಲಿ ಹೆಂಗೆ ಬದುಕಿದ್ವಿ ಅಂತ ಮುಂದೆ ಹುಟ್ಟೋರು ನೋಡ್ಲಿ."

"ಫೋಟೋ ತೆಗುದ್ರೆ ಆಯುಸ್ಸು ಕಮ್ಮಿ ಆಗ್ತದೆ" ಎಂದಳು ಅಪ್ಪನ ತಾಯಿ, ನನ್ನ ಅಜ್ಜಿ. "ನನ್ನ ತಂಟೆಗೆ ಬರ್ಬೇಡ. ಮಕ್ಳದ್ದೂ ಬೇಡ."

ಮಾವ ನಕ್ಕ. ಮೊದಲ ಚಿತ್ರಕ್ಕೇ ಸಿಕ್ಕಿದವನು ನಾಲ್ಕು ವರ್ಷದ ನನ್ನ ತಮ್ಮ. ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಬಚ್ಚಲ ಬಾಗಿಲಲ್ಲಿ ಅಳುತ್ತ ನಿಂತಿದ್ದ. ಆಮೇಲೆ ರುಬ್ಬುವ ಕಲ್ಲಿನ ಮುಂದೆ ಅಮ್ಮ, ನೇಗಿಲಿಗೆ ಹಗ್ಗ ಬಿಗಿಯುತ್ತಿದ್ದ ಅಪ್ಪ. ನಾನು ಎರಡು ದಿನ ಹುಲ್ಲಿನ ಬಣವೆಯ ಹಿಂದೆಯೇ ಕಳೆದೆ. ಮೂರನೆಯ ದಿನ ಸಂಜೆ ಅಜ್ಜಿ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕರುವಿಗೆ ಹುಲ್ಲು ಕೊಡುತ್ತಿದ್ದಾಗ, ಮಾವ ಮರೆಯಲ್ಲಿ ನಿಂತು ಗುಂಡಿ ಒತ್ತಿದ. ನಾನು ನೋಡಿದ್ದು ಕಂಡು ತುಟಿಗೆ ಬೆರಳಿಟ್ಟ. ಅದು ಹನ್ನೊಂದನೆಯದು. ಇನ್ನೊಂದು ಉಳಿದಿದೆ ಎಂದು ಕ್ಯಾಮೆರಾವನ್ನು ಹಾಗೇ ಚಾವಡಿಯ ಗೋಡೆಗೂಡಿನಲ್ಲಿಟ್ಟ.

ಮರುದಿನ ತಮ್ಮನಿಗೆ ಜ್ವರ ಬಂತು. ಕಷಾಯಕ್ಕೆ ಬಗ್ಗಲಿಲ್ಲ. ನಾಲ್ಕನೆಯ ದಿನಕ್ಕೆ ಅವನು ಯಾರನ್ನೂ ಗುರುತಿಸದಾದ. ಅವನ ಕಣ್ಣೂ ಅರೆ ತೆರೆದಿತ್ತು. ಫೋಟೋದಲ್ಲಿದ್ದ ಅಜ್ಜನ ಹಾಗೆ.

ಮಾವ ಸೈಕಲ್ ಹತ್ತಿ ಹೊಸನಗರಕ್ಕೆ ಡಾಕ್ಟರನ್ನು ಕರೆತರಲು ಹೋದ. ಅಜ್ಜಿ ತಮ್ಮನ ತಲೆದೆಸೆಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದಳು: "ಬೇಡ ಅಂದೆ. ಕೇಳ್ಲಿಲ್ಲ. ಮಗೀನ ಆ ಡಬ್ಬೀಲಿ ಹಾಕ್ಕೊಂಡ."

ನಾನು ಆ ಮಾತನ್ನು ಇದ್ದಂತೆಯೇ ನಂಬಿದೆ. ತಮ್ಮ ಡಬ್ಬಿಯೊಳಗಿದ್ದಾನೆ, ಅಜ್ಜಿಯೂ ಇದ್ದಾಳೆ. ಆದರೆ ಅದು ಅಜ್ಜಿಗೆ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು. ಮುಂದಿನ ಸರದಿ ಅವಳದೇ.

ನಡುಮಧ್ಯಾಹ್ನ ಎಲ್ಲರೂ ತಮ್ಮನ ಸುತ್ತ ಇದ್ದಾಗ ಚಾವಡಿಗೆ ಬಂದು ಕ್ಯಾಮೆರಾ ಇಳಿಸಿದೆ. ಅಂಗಳದ ಬಿಸಿಲಿಗೆ ಒಯ್ದು, ಮಾವ ಮಾಡಿದಂತೆಯೇ ಬೆನ್ನಿನ ಕೊಂಡಿ ಎತ್ತಿದೆ. ಬಾಗಿಲು ತೆರೆಯಿತು. ಏನಾದರೂ ಹಾರಿ ಹೋಗುತ್ತದೆಂದು ಮುಖ ತಿರುಗಿಸಿ ನಿಂತೆ. ಏನೂ ಆಗಲಿಲ್ಲ. ಒಳಗೆ ಕಾಗದ ಸುತ್ತಿದ ಒಂದು ಸುರುಳಿ ಇತ್ತು, ಅಷ್ಟೆ. "ಹೋಗು, ಮನೆಗೆ ಹೋಗು" ಎಂದು ಪಿಸುಗುಟ್ಟಿದೆ. ಮುಚ್ಚಿ ಮತ್ತೆ ಗೂಡಿನಲ್ಲಿಟ್ಟೆ.

ಡಾಕ್ಟರು ಬಂದರು, ವಿಷಮಶೀತ ಜ್ವರ ಎಂದರು, ಔಷಧ ಕೊಟ್ಟರು. ಹದಿನೈದು ದಿನ ಕಳೆದ ಮೇಲೆ ತಮ್ಮ ಗಂಜಿ ಕೇಳಿದ. ಡಾಕ್ಟರಿಂದ ಉಳಿದನೋ ನನ್ನಿಂದಲೋ, ಆಗ ನನಗೆ ಅನುಮಾನವೇ ಇರಲಿಲ್ಲ. ಆದರೆ ಮಾವ ಉಳಿದೊಂದು ಚಿತ್ರ ತೆಗೆಯದೆಯೇ ಆ ಸುರುಳಿಯನ್ನು ಸಾಗರದ ಸ್ಟುಡಿಯೋಗೆ ಒಯ್ದಾಗ ಬೇರೆ ಹೆದರಿಕೆ ಶುರುವಾಯಿತು. ನನ್ನ ಕೆಲಸ ಅದರಲ್ಲಿ ಕಾಣುತ್ತದೆಯೇ? ದೂರದಲ್ಲಿ ಸೈಕಲ್ ಗಂಟೆ ಕೇಳಿದರೂ ಬೆಚ್ಚುತ್ತಿದ್ದೆ.

ತಿಂಗಳ ಮೇಲೆ ಮಾವ ಬಂದ. ಲಕೋಟೆಯಲ್ಲಿ ಏಳೇ ಚಿತ್ರಗಳಿದ್ದವು.

"ಕೊನೇವು ನಾಲ್ಕು ಹಾಳಾಗ್ಬಿಟ್ವು. ಎಲ್ಲೋ ಬೆಳಕು ನುಗ್ಗಿದೆ" ಎಂದ.

ಅಜ್ಜಿ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅಳುವ ಮೊಮ್ಮಗನನ್ನು ಬಹಳ ಹೊತ್ತು ನೋಡಿದಳು. ಎಲ್ಲ ಮುಗಿದ ಮೇಲೆ ಕೇಳಿದಳು: "ನಂದೆಲ್ಲಿ?"

"ನಿಮ್ದಾ?" ಎಂದ ಮಾವ.

"ಕರೂಗೆ ಹುಲ್ಲು ಕೊಡ್ತಿದ್ದಾಗ ತೆಗುದ್ಯಲ್ಲ. ನಂಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ? ಹೋಗ್ಲಿ, ಮುಳುಗೋ ಮನೆ, ಒಂದಿರ್ಲಿ ಅಂತ ಸುಮ್ನೆ ಕೂತಿದ್ದೆ."

ನಾನು ಕಂಬದ ಹಿಂದೆ ಸರಿದೆ. ಇನ್ನೊಂದು ಫಿಲ್ಮ್ ತಂದು ತೆಗೆಯುತ್ತೇನೆಂದು ಮಾವ ಹೇಳಿದ. "ನೋಡಾಣ" ಎಂದು ಅಜ್ಜಿ ಎದ್ದು ಹೋದಳು.

ಮುಂಗಾರಿಗೆ ಮೊದಲೇ ಗಾಡಿಯಲ್ಲಿ ಸಾಮಾನು ಹೇರಿಕೊಂಡು ತೀರ್ಥಹಳ್ಳಿ ಕಡೆಗೆ ಬಂದೆವು. ಹೊಸ ಜಾಗದಲ್ಲಿ ಕಾಡು ಕಡಿದು ಗುಡಿಸಲು ಹಾಕುವುದರಲ್ಲೇ ಅಜ್ಜಿ ಹಾಸಿಗೆ ಹಿಡಿದಳು. ಮಾವ ಫಿಲ್ಮ್ ತರುವ ಮೊದಲೇ ಹೋದಳು. ಹೆಣದ ಫೋಟೋ ತೆಗೆಸಲು ಅಪ್ಪ ಒಪ್ಪಲಿಲ್ಲ.

ನಾನು ಮಾವನಿಗೆ ನಿಜ ಹೇಳಿದ್ದು ನಲವತ್ತು ವರ್ಷಗಳಾದ ಮೇಲೆ, ತಮ್ಮನ ಮನೆಯಲ್ಲಿ, ಮಾವನ ಕಣ್ಣು ಮಂಜಾಗಿದ್ದ ಕಾಲದಲ್ಲಿ.

"ಆವತ್ತು ನಿಮ್ಮಜ್ಜಿ ಹೆಂಗೆ ಕೂತಿದ್ರು, ಹೇಳು" ಎಂದ ಅವನು.

ಹೇಳಿದೆ: ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಎಡಗೈ ಕರುವಿನ ಕೊರಳ ಮೇಲಿತ್ತು, ಮುಖ ತುಸು ನಿನ್ನ ಕಡೆಗೇ ತಿರುಗಿತ್ತು. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ತಮ್ಮನ ಮಕ್ಕಳನ್ನು ಕೂಗಿ ಕರೆದು, ಅವರಿಗೂ ಇದನ್ನೇ ಹೇಳು ಎಂದ.