ನನ್ನ ಪಾಲಿಗೆ ಬಂದ ಮೀನುಗಳು

ಅಪ್ಪ ತೀರಿಹೋಗುವ ಮೊದಲು ಡೊಂಬಿವಲಿಯ ಹೋಟೆಲನ್ನು ಅಣ್ಣನಿಗೆ ಬಿಟ್ಟರು, ಮೀನುಗಳನ್ನು ನನಗೆ. "ಅವನಿಗೆ ಪುರುಸೊತ್ತಿಲ್ಲ, ನೀನೇ ನೋಡ್ಕೊ ಮಗಾ" ಎಂದಿದ್ದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಬಾಯಿಬಿಟ್ಟು ಹೇಳುವಷ್ಟು ಕೆಟ್ಟವರಲ್ಲ ಅಪ್ಪ; ಮೂಗಿಗೆ ತುಪ್ಪ ಸವರುವಷ್ಟು ಒಳ್ಳೆಯವರು. ಆ ಮೀನುಗಳನ್ನು ನೆರೂಳಿನ ನನ್ನ ಫ್ಲಾಟಿಗೆ ತರುವಂತೆಯೂ ಇರಲಿಲ್ಲ. ಫ್ಯಾಮಿಲಿ ರೂಮಿನ ಒಂದು ಇಡೀ ಗೋಡೆಯೇ ಅಕ್ವೇರಿಯಂ, ಅದರಲ್ಲಿ ಅಂಗೈಯಗಲದ ಗೋಲ್ಡ್‌ಫಿಶ್‌ಗಳು. ಹಾಗಾಗಿ ಪ್ರತಿ ಭಾನುವಾರ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ನಾನೇ ಹೋಗುತ್ತಿದ್ದೆ. ತವರಿಗೆ ಹೋಗಲು ನನಗೆ ಉಳಿದಿದ್ದ ನೆಪ ಅದೊಂದೇ.

ಮೀನಿನ ಹೊಲಸಿನಿಂದ ನೀರು ವಿಷವಾಗದಂತೆ ಕಾಯುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಫಿಲ್ಟರಿನೊಳಗೆ ಅವಕ್ಕೆ ಅಂಟಿಕೊಂಡು ಬದುಕಲು ಜಾಗ ಬೇಕು. ಅಪ್ಪನ ಕಾಲದ ಪಿಂಗಾಣಿ ಉಂಗುರಗಳಲ್ಲಿ ಕೆಸರು ಕಟ್ಟಿಕೊಳ್ಳುತ್ತಿತ್ತು. ಆಗಾಗ ತೆಗೆದು ತೊಟ್ಟಿಯದೇ ನೀರಿನಲ್ಲಿ ಜಾಲಿಸಬೇಕಿತ್ತು. ನಮ್ಮ ಹೋಟೆಲಿನವರ ಕೈಗೆ ತೊಳೆಯಲು ಕೊಟ್ಟರೆ ಬ್ಯಾಕ್ಟೀರಿಯಾದ ಕಥೆ ಮುಗಿಯಿತು, ಲೋಟವನ್ನೂ ಕುದಿನೀರಿನಲ್ಲಿ ಅದ್ದದೆ ಸಮಾಧಾನವಿಲ್ಲದವರು. ಯಾರೂ ತೊಳೆಯಬೇಕಾಗದ ವಸ್ತುವೇ ಬೇಕೆಂದು ನಾನು ಹಟ ಹಿಡಿದೆ.

ರಬಾಳೆಯಲ್ಲಿ ನಾನು ಕೆಲಸ ಮಾಡುವುದು ಕೊಳಚೆ ನೀರು ಶುದ್ಧ ಮಾಡುವ ಸಾಮಾನಿನ ಕಂಪನಿಯ ಆಫೀಸಿನಲ್ಲಿ. ಅಲ್ಲಿಂದ ಬ್ಯಾಕ್ಟೀರಿಯಾ ಅಂಟಿಕೊಳ್ಳುವ ಪ್ಲಾಸ್ಟಿಕ್ಕಿನ ಪುಟ್ಟ ಚಕ್ರಗಳ ಸ್ಯಾಂಪಲ್‌ಗಳನ್ನು ತಂದು, ಬಕೆಟ್ಟಿನಲ್ಲಿ ಗಾಳಿಯ ಪಂಪ್ ಬಿಟ್ಟು ನೋಡಿದೆ. ಒಂದು ಬಗೆ ಮೇಲೆಯೇ ತೇಲಿತು, ಇನ್ನೊಂದು ತಳ ಹಿಡಿಯಿತು, ಮತ್ತೊಂದು ಜಾಲರಿಯಲ್ಲೇ ತೂರಿಹೋಗುವಷ್ಟು ಸಣ್ಣದು. ಕೊನೆಗೆ ಸಿಕ್ಕಿದ ಚಕ್ರಗಳು ಗುಳ್ಳೆಗಳ ಜೊತೆ ಮೇಲೆ ಕೆಳಗೆ ಉರುಳುತ್ತ, ಒಂದಕ್ಕೊಂದು ತಿಕ್ಕಿಕೊಂಡು ತಮ್ಮ ಕೆಸರನ್ನು ತಾವೇ ಕಳೆದುಕೊಳ್ಳುತ್ತಿದ್ದವು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಕೆಲಕಾಲ ಹಳೆಯ ಉಂಗುರಗಳನ್ನೂ ಫಿಲ್ಟರಿನಲ್ಲಿ ಅವುಗಳ ಜೊತೆಗಿಟ್ಟೆ. ಬಿಳಿ ಚಕ್ರಗಳು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದವು. ಆ ಕಂದು ಲೋಳೆಯೇ ಮೀನುಗಳ ಆಯುಸ್ಸು. ನನಗೆ ಹೆಮ್ಮೆಯಾಗಿತ್ತು, ಏಕೆ ಮುಚ್ಚಿಡಲಿ?

ಅಣ್ಣನಿಗೆ ಅಸಹ್ಯ. "ಎಂತ ಮಾರಾಯ್ತಿ ಇದು, ಗಟಾರದ ಸಾಮಾನು? ಗಿರಾಕಿ ನೋಡಿದ್ರೆ ಎಂತ ಹೇಳ್ಬೇಕು?"

"ಅದರಲ್ಲಿ ಜೀವ ಉಂಟು ಅಣ್ಣ. ದಮ್ಮಯ್ಯ, ಮುಟ್ಬೇಡ" ಎಂದೆ.

ಆಯುಧಪೂಜೆಯ ದಿನ ಹೋದಾಗ ಗ್ರೈಂಡರು, ಕಾಫಿಯ ಬಾಯ್ಲರು, ಮಿಕ್ಸರು ಎಲ್ಲಕ್ಕೂ ಕುಂಕುಮ, ಚೆಂಡುಹೂ. ನನ್ನ ಫಿಲ್ಟರಿಗೂ ಒಂದು ಮಾಲೆ. ಒಳಗೆ ಚಕ್ರಗಳು ಅಚ್ಚ ಬಿಳಿ.

"ಬಾಯ್ಲರಿನ ನೀರಲ್ಲಿ ನಾನೇ ನಿಂತು ತೊಳೆಸಿದ್ದು. ಫಸ್ಟ್ ಕ್ಲಾಸ್ ಆಗಿದೆ ನೋಡು" ಎಂದ ಅಣ್ಣ.

ನಾನು ಕಿರುಚಿದೆ. ದೋಸೆ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಹಬ್ಬದ ದಿನ ಗಲ್ಲಾದ ಎದುರು ಬೊಬ್ಬೆ ಹೊಡೀಬೇಡ. ಶುದ್ಧ ಮಾಡಿದ್ರೆ ಯಾರಾದ್ರೂ ಸಾಯ್ತಾರಾ?"

ಸತ್ತವು. ನೀರು ಬದಲಿಸಿ, ಮೇವು ನಿಲ್ಲಿಸಿ ಬಂದಿದ್ದೆ. ದಿನಾ ಸ್ವಲ್ಪ ಸ್ವಲ್ಪ ಬದಲಿಸಿರೆಂದು ಹೇಳಿಯೂ ಇದ್ದೆ. ಹಬ್ಬದ ಗಿರಾಕಿಗಳ ನಡುವೆ ಯಾರಿಗೆ ನೆನಪಿರುತ್ತದೆ? ಮುಂದಿನ ಭಾನುವಾರ ಹೋದಾಗ ತೊಟ್ಟಿ ಖಾಲಿಯಿತ್ತು. ಅಣ್ಣ ಫೋನು ಕೂಡ ಮಾಡಿರಲಿಲ್ಲ.

ಗಾಜು ತೆಗೆಸಿ ಅಲ್ಲಿ ಎರಡು ಟೇಬಲ್ ಹಾಕಿಸುತ್ತಾನಂತೆ. ನಾನು ಹೊರಟಾಗ ಮೈದಾದ ಚೀಲವೊಂದನ್ನು ಕೈಗಿತ್ತ. ಒಳಗೆ ಆ ಚಕ್ರಗಳು.

"ನಿನ್ನ ಸಾಮಾನು, ತಕೊಂಡು ಹೋಗು. ಇನ್ನೊಮ್ಮೆ ತೊಳೆಸಿ ಒಣಗಿಸಿದ್ದೇನೆ" ಎಂದ. ಆಮೇಲೆ ನಿಜವಾದ ಅಕ್ಕರೆಯಿಂದಲೇ ಹೇಳಿದ: "ಇನ್ನು ಪ್ರತಿ ಭಾನುವಾರ ಅಷ್ಟು ದೂರದಿಂದ ಬರುವ ಕಷ್ಟ ಇಲ್ಲ ನಿನಗೆ."