ಎರಡು ಇಂಚಿನ ಭೇಷ್

ಪರದೇಶದ ಈ ಊರಲ್ಲಿ, ವೆಸ್ಟ್‌ಲ್ಯಾಂಡ್ಸ್‌ನ ಹೊಸ ಫ್ಲ್ಯಾಟಿಗೆ ಬಂದು ತಿಂಗಳಾದರೂ ಬಿಚ್ಚದೆ ಉಳಿದಿದ್ದ ಪೆಟ್ಟಿಗೆಯೊಂದನ್ನು ಹೋದ ಭಾನುವಾರ ಬಿಚ್ಚಿದೆ. ತಳದಲ್ಲಿ ಹಳೇ ಟೇಪ್ ರೆಕಾರ್ಡರು, ಅದರ ಪಕ್ಕ ಒಂದು ಕ್ಯಾಸೆಟ್ಟು. ಡಬ್ಬಿ ತೆಗೆದರೆ ಊದುಬತ್ತಿ ವಾಸನೆ. ಇಷ್ಟು ವರ್ಷ ವಾಸನೆ ಉಳಿಯುತ್ತದೆಯೇ? ನನ್ನ ಭ್ರಮೆಯೇ ಇರಬೇಕು. ಲೇಬಲ್ಲಿನ ಮೇಲೆ ನೀಲಿ ಶಾಯಿಯ ದುಂಡಗಿನ ಅಕ್ಷರ: 'ಹೊಡೆದಾಟದ ಹಾಡು'. ವಿಡಿಯೋ ಅಂಕಲ್ ಬರೆದದ್ದು.

ಎಂಬತ್ತರ ದಶಕ, ಮೈಸೂರು. ನಮ್ಮ ಬೀದಿಯ ತಿರುವಿನಲ್ಲಿ ಅವರ ವಿಡಿಯೋ ಲೈಬ್ರರಿ, ಹಿಂದೆಯೇ ಮನೆ. ಹಣೆಯಲ್ಲಿ ಅಂಗಾರ ಅಕ್ಷತೆ, ಬಾಯಲ್ಲಿ ಸದಾ ಯಾವುದೋ ಕೀರ್ತನೆ. ಇಂಥವರ ಅಂಗಡಿಯಲ್ಲಿ ಅಮೆರಿಕದ ಗ್ಯಾಂಗ್ ಹುಡುಗರ ಸಿನಿಮಾಗಳು! ಲೆದರ್ ಜಾಕೆಟ್ಟು, ಮುಳ್ಳುಹಂದಿ ಥರ ನಿಂತ ಕೂದಲು, ಕೈಯಲ್ಲಿ ಸರಪಳಿ. ಕಥೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ನನಗೆ ಬೇಕಿದ್ದದ್ದು ಆ ಸದ್ದು. ಹುಡುಗರು ಸುಮ್ಮನೆ ಬೀದಿ ಸುತ್ತುವಾಗ ಕೀಬೋರ್ಡಿನ ತಣ್ಣನೆಯ ಹಾಡು. ಹೊಡೆದಾಟ ಶುರುವಾದರೆ ಗಿಟಾರು, ಡ್ರಮ್ಮು ಒಟ್ಟಿಗೆ ಮೈಮೇಲೆ ಬೀಳುತ್ತಿದ್ದವು. ಮೊದಲನೆಯದು ನ್ಯೂ ವೇವ್, ಎರಡನೆಯದು ಪಂಕ್ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನನಗಾಗ ಹದಿನಾಲ್ಕು, ಜೋರಾಗಿ ನಕ್ಕರೂ ಮನೆಯಲ್ಲಿ ಬೈಗುಳ. ಯಾರೋ ನನ್ನ ಪರವಾಗಿ ಕಿರುಚುತ್ತಿದ್ದಾರೆ ಅನ್ನಿಸುತ್ತಿತ್ತು.

ಒಂದು ಹಾಡು ಬೇಕೇ ಬೇಕು ಅಂತ ಹಟ ಹಿಡಿದೆ.

"ಆ ಕ್ಯಾಸೆಟ್ಟು ಮೈಸೂರಲ್ಲಿ ಎಲ್ಲಿ ಸಿಗುತ್ತಮ್ಮಾ? ತಾಳು, ನಾವೇ ಮಾಡೋಣ" ಅಂದರು ಅಂಕಲ್.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಲ್ಲಿ ಟಿವಿಯ ಸ್ಪೀಕರಿಗೆ ಟೇಪ್ ರೆಕಾರ್ಡರು ಆನಿಸಿಟ್ಟು, ಫ್ಯಾನ್ ಆರಿಸಿ, ಬೆವರು ಸುರಿಸುತ್ತಾ ಕೂರುತ್ತಿದ್ದೆವು. ಮೊದಲ ದಿನ ಆಂಟಿಯ ಕುಕ್ಕರ್ ಕೂಗಿತು. ಎರಡನೇ ದಿನ ಕರೆಂಟ್ ಹೋಯಿತು. ಮೂರನೇ ದಿನ ನಾನೇ ಸೀನಿದೆ. ಪಾಪ, ಅಂಕಲ್ ಒಂದು ದಿನವೂ ಬೇಸರಪಡಲಿಲ್ಲ. ರಾಮೋತ್ಸವದ ಕಚೇರಿ ಒಂದನ್ನೂ ಬಿಡದ ಮನುಷ್ಯ ಅವರು. "ಪಕ್ಕಾ ಆದಿತಾಳ ಕಣಮ್ಮಾ, ಓಟ ಒಂದು ಜಾಸ್ತಿ ಅಷ್ಟೆ" ಅನ್ನುತ್ತಾ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ನಾಲ್ಕನೇ ದಿನ ಎಲ್ಲ ಸರಿಯಾಗಿ ಬಂತು. ಕೊನೆಯಲ್ಲಿ ಡ್ರಮ್ಮಿನವನು ಮೃದಂಗದವರ ಮುಕ್ತಾಯದ ಹಾಗೆ ಉರುಳಿಸಿ ಉರುಳಿಸಿ ತಂದು ನಿಲ್ಲಿಸಿದ. ಕಚೇರಿಯ ಅಭ್ಯಾಸ ಎಲ್ಲಿ ಹೋಗಬೇಕು! ಅಂಕಲ್ ಮೈಮರೆತು ತೊಡೆ ತಟ್ಟಿ, "ಭೇಷ್!" ಅಂದುಬಿಟ್ಟರು.

"ಎಲ್ಲಾ ಹಾಳು ಮಾಡಿದ್ರಿ ಅಂಕಲ್!" ಅಂತ ಕಿರುಚಿದೆ.

ಅವರು ನಾಲಿಗೆ ಕಚ್ಚಿಕೊಂಡರು. ನಾಳೆ ಇನ್ನೊಂದು ಸಲ ಮಾಡೋಣ ಅಂದರು. ಆದರೆ ಮಾರನೇ ದಿನದ ಹೊತ್ತಿಗೆ ಆ ಸಿನಿಮಾದ ಟೇಪು ಬೆಂಗಳೂರಿಗೆ ವಾಪಸ್ಸಾಗಿತ್ತು, ಮತ್ತೆ ಬರಲೇ ಇಲ್ಲ. ಆಮೇಲೆ ಎದುರು ಸಿಕ್ಕಾಗಲೆಲ್ಲ, "ನಿನ್ನ ಹಾಡು ಬಾಕಿ ಇದೆ ಕಣಮ್ಮಾ" ಅನ್ನುತ್ತಿದ್ದರು. ನಾನು ಮೂತಿ ತಿರುವಿಕೊಂಡು ಹೋಗುತ್ತಿದ್ದೆ. ಎರಡು ವರ್ಷ! ಎಂಥಾ ಕತ್ತೆ ನಾನು... ಹಾಸ್ಟೆಲಿಗೆ ಸೇರಿದ ಮೊದಲ ವರ್ಷವೇ ಅಮ್ಮನ ಕಾಗದ ಬಂತು. ಅಂಕಲ್ ಹೋಗಿಬಿಟ್ಟಿದ್ದರು.

ಭಾನುವಾರ ಆ ಕ್ಯಾಸೆಟ್ಟು ಹಾಕಿದೆ. ಹಾಡು ಓಡಿತು, ಡ್ರಮ್ಮು ಉರುಳಿತು, ಇನ್ನೇನು ಅವರು ಬಾಯಿ ಬಿಡಬೇಕು... ಕರಕರ ಅಂದು ರೀಲು ಸಿಕ್ಕಿಹಾಕಿಕೊಂಡಿತು. ಬಿಡಿಸಲು ಹೋದರೆ ಹರಿಯಿತು. ತುದಿಯ ಎರಡು ಇಂಚು ಮುದುರಿ ಮುದ್ದೆಯಾಗಿತ್ತು. ಪಕ್ಕದಲ್ಲಿದ್ದ ಮಗಳು ಎರಡೇ ನಿಮಿಷಕ್ಕೆ ಅದೇ ಹಾಡನ್ನು ಫೋನಿನಲ್ಲಿ ಹುಡುಕಿ, "ಲಿಸನ್ ಅಮ್ಮಾ, ಇಟ್ಸ್ ಸೋ ಕ್ಲೀನ್!" ಅಂದಳು. ಹೌದು, ಕ್ಲೀನೇ. ಹದಿನಾಲ್ಕರಲ್ಲಿ ನಾನು ಬೇಕು ಅಂದದ್ದು ಇದನ್ನೇ. ಈಗ ಕೇಳಿದರೆ ಕೊನೆಯಲ್ಲಿ ಯಾರೂ ಇಲ್ಲ.

ಬಿಡುವ ಪೈಕಿ ಅಲ್ಲ ನಾನು. ಸೋಮವಾರ ಕೆಲಸದಿಂದ ಬೇಗ ಹೊರಟು ಮಟಾಟು ವ್ಯಾನು ಹತ್ತಿ, ಅವರಿವರನ್ನು ಕೇಳಿಕೊಂಡು, ಹಳೇ ರೇಡಿಯೋ ರಿಪೇರಿ ಮಾಡುವ ಒಬ್ಬ ಮುದುಕನ ಅಂಗಡಿ ಹುಡುಕಿದೆ. ಇಂಥ ರಿಪೇರಿಯವರಿಗೆ ಇಲ್ಲಿ ಫುಂಡಿ ಅನ್ನುತ್ತಾರೆ. ಆತ ರೀಲನ್ನು ಬೆಳಕಿಗೆ ಹಿಡಿದು ನೋಡಿ, ಅಮ್ಮಾ ಅನ್ನುವ ಇಲ್ಲಿನ ರೀತಿಯಲ್ಲಿ, "ಮಾಮಾ, ಮುದುರಿದ್ದನ್ನು ಕತ್ತರಿಸಿ ಅಂಟಿಸಿಬಿಡ್ತೀನಿ. ಎರಡು ಇಂಚು ಅಂದರೆ ಒಂದು ಸೆಕೆಂಡು. ಅದರಲ್ಲಿ ಏನು ಹೋದೀತು?" ಅಂದ.

"ಹಪಾನಾ!" ಅಂದೆ. ಬೇಡ ಅನ್ನೋದನ್ನು ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅಂದಿದ್ದೆ. ಆ ಒಂದು ಸೆಕೆಂಡಿಗೇ ಬಂದಿದ್ದೇನೆ, ಹಾಡು ಹೋದರೂ ಚಿಂತೆಯಿಲ್ಲ ಅಂತ ಬಿಡಿಸಿ ಹೇಳಿದೆ. ಆತ ನನ್ನ ಮುಖ ನೋಡಿ, "ಸವಾ" ಅಂತ ಒಪ್ಪಿಕೊಂಡು ಗಾಜಿನ ಮೇಲೆ ಆ ಎರಡು ಇಂಚನ್ನು ಹರಡಿ, ಉಗುರಿನ ಬೆನ್ನಿನಿಂದ ತೀಡತೊಡಗಿದ. ನಾಳೆ ಬನ್ನಿ ಅಂದ, ನಾನು ಕದಲಲಿಲ್ಲ. ಔಷಧಿ ಕಾರ್ಖಾನೆಯಲ್ಲಿ ಇಡೀ ದಿನ ತಪ್ಪು ಹುಡುಕಿ ಹೊರಗೆ ಹಾಕುವುದು ನನ್ನ ಕೆಲಸ. ಆವತ್ತು ಒಂದು ತಪ್ಪನ್ನು ಉಳಿಸಿಕೊಳ್ಳೋಕೆ ಎರಡು ಗಂಟೆ ನಿಂತೇ ಇದ್ದೆ.

ಕೊನೆಗೆ ಅಂಟಿಸಿ, ಸುತ್ತಿ, ಗುಂಡಿ ಒತ್ತಿದ. ಡ್ರಮ್ಮು ಉರುಳಿ ನಿಂತಿತು. ಆಮೇಲೆ ನೀರಿನೊಳಗಿಂದ ಬಂದ ಹಾಗೆ, ತೊದಲಿಕೊಂಡು, "ಭೇ...ಷ್."

"ಯಾರಿವರು?" ಅಂತ ಫುಂಡಿ ಕೇಳಿದ.

"ನಮ್ಮ ಅಂಕಲ್" ಅಂದೆ. ಬಾಕಿ ಇದೆ, ಬಾಕಿ ಇದೆ ಅಂದುಕೊಂಡೇ ಹೋದರಲ್ಲ... ಏನೂ ಬಾಕಿ ಇಲ್ಲ ಅಂಕಲ್ ಅಂತ ಹೇಳಬೇಕಾದವಳು ನಾನೊಬ್ಬಳೇ. ಅವರಿದ್ದಾಗ ಹೇಳಲಿಲ್ಲ.

ಫುಂಡಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, "ಇನ್ನೊಂದು ಸಲ?" ಅಂದ.

ಹೂಂ ಅಂದೆ.